ಚೆಕಿಂಗ್ ಕಾಕಾ ಮತ್ತು ಗಿಳಿ ದಿಂಬಿನ ಕುರ್ಚಿ

ಒಂದು ಟ್ರಸ್ಟಿನ ನೆರವಿನಿಂದ ಓದಿದ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಸುದ್ದಿ ಬಂತು, ಚೆಕಿಂಗ್ ಕಾಕಾ ಹೋದರಂತ. ಅರ್ಧ ಗಂಟೆಯಲ್ಲಿ ಕೈಮುಗಿದ ಚಿತ್ರಗಳಿಂದ ಫೋನು ತುಂಬಿಹೋಯಿತು. ಯಾರೋ ಅವರದೊಂದು ಫೋಟೋ ಹಾಕಿರಿ ಎಂದರು. ಯಾರ ಹತ್ತಿರವೂ ಇರಲಿಲ್ಲ. ಕೊನೆಗೆ ಗೆಳತಿ ಮಹಾದೇವಿ ಎಲ್ಲಿಂದಲೋ ಒಂದನ್ನು ಹುಡುಕಿ ತೆಗೆದಳು. ಟ್ರಸ್ಟಿನ ವಾರ್ಷಿಕ ಸಮಾರಂಭದ್ದು. ಹೂವಿನ ಗುಚ್ಛ ಹಿಡಿದು ಹಲ್ಲು ಕಿರಿದು ನಿಂತ ನಮ್ಮ ಸಾಲಿನ ತುದಿಯಲ್ಲಿ ಅರ್ಧ ಮನುಷ್ಯ ಮಾತ್ರ ಬಂದಿದ್ದಾರೆ. ಒಂದು ಕಿವಿ, ಒಂದು ಭುಜ, ಭುಜಕ್ಕೆ ನೇತುಬಿದ್ದ ಖಾಕಿ ಚೀಲ, ಕೆಳಗೆ ಒಂದು ಕಪ್ಪು ಬೂಟು. ಮುಖ ಇಲ್ಲದಿದ್ದರೂ ಬೂಟು ಬಂದಿದೆಯಲ್ಲ ಎಂದು ನನಗೆ ಸಮಾಧಾನವಾಯಿತು. ಯಾಕೆ ಸಮಾಧಾನವಾಯಿತು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ನಮ್ಮಲ್ಲಿ ಎಷ್ಟೋ ಜನಕ್ಕೆ ಅದು ಗೊತ್ತೂ ಇರಲಿಲ್ಲ. ಕೇಳಿದರೆ, "ಫಾರ್ಮಿನ ಮ್ಯಾಲ ನಿಮ್ಮ ಹೆಸರಿದ್ರ ಸಾಕು, ನಂದ್ಯಾಕ ಬೇಕು" ಎಂದು ಬಾಯಿ ಮುಚ್ಚಿಸುತ್ತಿದ್ದರು. ಮೂವತ್ತು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದ ಮನುಷ್ಯ. ಪುಣೆಯ ಸ್ವಾರಗೇಟದಿಂದ ಇಂದಾಪುರದ ತನಕ ಅವರು ಹತ್ತದ ಬಸ್ಸಿಲ್ಲ, ಇಳಿಸದ ಪುಕ್ಕಟೆ ಪ್ರಯಾಣಿಕನಿಲ್ಲ. ಅಜ್ಜನ ಕಾಲಕ್ಕೇ ಕರ್ನಾಟಕ ಬಿಟ್ಟು ಪುಣೆಗೆ ಬಂದ ಮನೆತನ. ಹೊರಗೆ ಮರಾಠಿ, ನಮ್ಮಂಥವರು ಸಿಕ್ಕರೆ ಕನ್ನಡ. ಅದರಲ್ಲೂ ಬೈಯಬೇಕಾದಾಗ ಅಪ್ಪಟ ಕನ್ನಡ.

ನಿವೃತ್ತಿಯಾದ ಮೇಲೆ ಅವರು ಪೇಠೆಯ ಕೆಲವು ವ್ಯಾಪಾರಿಗಳು ಸೇರಿ ನಡೆಸುವ ಒಂದು ಸಣ್ಣ ಟ್ರಸ್ಟಿನ ಕೆಲಸಕ್ಕೆ ನಿಂತರು. ಆ ಟ್ರಸ್ಟು ಬಡವರ ಮಕ್ಕಳ ಕಾಲೇಜು ಫೀ ಕಟ್ಟುತ್ತದೆ. ಕಟ್ಟುವ ಮೊದಲು ಅರ್ಜಿ ಹಾಕಿದವರ ಮನೆ ನೋಡಿಕೊಂಡು ಬರಲು ಒಬ್ಬರನ್ನು ಕಳಿಸುತ್ತದೆ. ಆ ಒಬ್ಬರು ಇವರು. ಸಂಬಳವಿಲ್ಲ, ಸ್ಕೂಟರಿನ ಪೆಟ್ರೋಲಿಗಷ್ಟೇ. ಹುಡುಗರು ಅವರಿಗೆ ಚೆಕಿಂಗ್ ಕಾಕಾ ಎಂದು ಹೆಸರಿಟ್ಟದ್ದು ಅವರಿಗೂ ಗೊತ್ತಿತ್ತು. ಅದಕ್ಕೆ ಬೇಸರ ಮಾಡಿಕೊಂಡದ್ದು ಕಾಣೆ.

ಹಳೇ ಅಭ್ಯಾಸದಂತೆ ಹೇಳದೇ ಕೇಳದೇ ಬಂದು ಬಾಗಿಲು ಬಡಿಯುತ್ತಾರೆ ಎಂದು ಯಾರಾದರೂ ತಿಳಿದಾರು. ಹಾಗಿರಲಿಲ್ಲ. ಎರಡು ದಿನ ಮೊದಲೇ ಫೋನು ಮಾಡಿ, ಇಂಥ ದಿನ ಇಷ್ಟು ಗಂಟೆಗೆ ಬರುತ್ತೇನೆ ಎಂದು ಹೇಳಿಯೇ ಬರುತ್ತಿದ್ದರು. ಟ್ರಸ್ಟಿನವರಿಗೆ ಇದು ಸರಿ ಬರುತ್ತಿರಲಿಲ್ಲ. ಮೊದಲೇ ತಿಳಿಸಿದರೆ ಜನ ಇದ್ದದ್ದನ್ನು ಅಡಗಿಸುವುದಿಲ್ಲವೇ ಎಂದು ಅವರ ವಾದ. ಕಾಕಾ ಹೇಳುತ್ತಿದ್ದರು, "ಬಸ್ಸಿನ್ಯಾಗ ಹೇಳದ ಹತ್ತಬೇಕ್ರಿ. ಮನಿಗೆ ಹೇಳೇ ಹೋಗಬೇಕು."

ನಾನು ಹನ್ನೆರಡನೇ ಇಯತ್ತೆ ಪಾಸಾದ ವರ್ಷ ಫಾರ್ಮಸಿ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಸೀಟು ಸಿಕ್ಕಿತ್ತೇ ಹೊರತು ಫೀಗೆ ದಾರಿ ಸಿಕ್ಕಿರಲಿಲ್ಲ. ಅಪ್ಪ ಸ್ವಾರಗೇಟ ಬಸ್‌ಸ್ಟ್ಯಾಂಡಿನಲ್ಲಿ ಹಮಾಲ. ಅವ್ವ ಕಾತ್ರಜದಲ್ಲಿ ಚಪಾತಿ ಪಲ್ಯ ಮಾಡಿ ಮಾರುವ ಒಂದು ಪೋಳಿ-ಭಾಜಿ ಕೇಂದ್ರದಲ್ಲಿ ಬೆಳಗಿನಿಂದ ಸಂಜೆಯವರೆಗೆ ರೊಟ್ಟಿ ಬಡಿಯುವವಳು. ನಾವು ಇಂಡಿ ಕಡೆಯಿಂದ ಬಂದವರು. ಜಾತಿ ದಾಖಲೆ ಅಲ್ಲಿಯದು, ರೇಶನ್ ಕಾರ್ಡು ಇಲ್ಲಿಯದು. ಸರ್ಕಾರಿ ಶಿಷ್ಯವೃತ್ತಿ ಕೇಳಲು ಹೋದರೆ ಇಲ್ಲಿಯ ಕಿಟಕಿಯವರು ಅಲ್ಲಿ ಕೇಳು ಎಂದರು, ಅಲ್ಲಿಯ ಕಿಟಕಿಯವರು ಇಲ್ಲಿ ಕೇಳು ಎಂದರು. ಎರಡು ಸಲ ಬಸ್ಸು ಹತ್ತಿ ಇಳಿದ ಮೇಲೆ ಅಪ್ಪ ಕಾಗದದ ಚೀಲವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ. ಉಳಿದದ್ದು ಈ ಟ್ರಸ್ಟೊಂದೇ.

ಫೀ ಕಟ್ಟಲು ಕೊನೆಯ ದಿನ ಒಂದು ಸೋಮವಾರ. ಅದೇ ಸೋಮವಾರದಿಂದ ನನ್ನನ್ನೂ ಕೆಲಸಕ್ಕೆ ಕರೆದುಕೊಂಡು ಬಾ ಎಂದು ಕೇಂದ್ರದ ಮಾಲಕಿ ಅವ್ವನಿಗೆ ಹೇಳಿಯಾಗಿತ್ತು. ಹುಡುಗಿಯ ಕೈ ಚುರುಕಾಗಿದೆ, ಪೋಳಿ ಲಟ್ಟಿಸಲು ಹೇಳಿ ಮಾಡಿಸಿದ ಕೈ ಎಂದು ಹೊಗಳಿದ್ದಳು. ಆ ಹೊಗಳಿಕೆ ಕೇಳಿ ನನಗೆ ಎರಡು ದಿನ ಊಟ ಸೇರಲಿಲ್ಲ.

ಅರ್ಜಿ ತುಂಬಿಕೊಟ್ಟವನು ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯವನು. ಅರ್ಜಿಯ ಕೊನೆಯಲ್ಲಿ 'ನಿಮ್ಮ ಬಗ್ಗೆ ಬರೆಯಿರಿ' ಎಂದು ಅರ್ಧ ಪುಟ ಖಾಲಿ ಬಿಟ್ಟಿದ್ದರು. ಅದಕ್ಕೆ ಅವನ ಕಂಪ್ಯೂಟರಿನಲ್ಲಿ ತಯಾರು ಮಜಕೂರು ಇತ್ತು. ನಾನು ಬೀದಿ ದೀಪದ ಕಂಬದ ಕೆಳಗೆ ಕುಳಿತು ಓದಿದೆ, ಹಸಿದ ಹೊಟ್ಟೆಯಲ್ಲಿ ಮಲಗಿದೆ, ಹೀಗೆ. ಹೆಸರೊಂದು ಬದಲಿಸಿ ಅಚ್ಚು ಹೊಡೆದು ಕೊಡುತ್ತಿದ್ದ. ಮಹಾದೇವಿ ನನ್ನ ಗಲ್ಲಿಯವಳೇ, ನನ್ನ ಜೊತೆಗೇ ಅರ್ಜಿ ಹಾಕಿದವಳು. ಅವಳದೂ ಅದೇ ಮಜಕೂರು. ಎಷ್ಟು ಚೆನ್ನಾಗಿದೆ ಎಂದು ಇಬ್ಬರೂ ದಾರಿಯುದ್ದಕ್ಕೂ ಓದಿಕೊಂಡು ಬಂದೆವು.

ಇನ್ನು ಕುರ್ಚಿಯ ಕಥೆ. ನಮ್ಮ ಗಲ್ಲಿಯಲ್ಲಿ ಕುರ್ಚಿ ಅಂತ ಹೇಳಿಕೊಳ್ಳುವಂಥದ್ದು ಇದ್ದದ್ದು ಒಂದೇ, ಬಟ್ಟೆ ಹೊಲಿಯುವ ಹೆಂಗಸಿನದು. ತೋಳಿರುವ ಮರೂನ್ ಬಣ್ಣದ ಕುರ್ಚಿ. ಎಡತೋಳಿನ ಮೇಲೆ ಇಸ್ತ್ರಿ ತಾಕಿ ಕರಗಿದ ಗುರುತು. ಮೇಲೆ ಅವಳೇ ಕಸೂತಿ ಹಾಕಿದ ದಿಂಬು, ದಿಂಬಿನ ತುಂಬ ಒಂದು ಹಸಿರು ಗಿಳಿ. ಯಾರ ಮನೆಗೆ ಯಾರು ಬರಲಿ, ಗಂಡಿನ ಕಡೆಯವರಾಗಲಿ, ಮತ ಕೇಳುವವರಾಗಲಿ, ಆ ಕುರ್ಚಿ ಅಲ್ಲಿಗೆ ಹೋಗುತ್ತಿತ್ತು. ಕಾಕಾ ಬರುತ್ತಾರೆಂದು ಗೊತ್ತಾದ ಕೂಡಲೇ ಅವ್ವ ಹೋಗಿ ಅದನ್ನು ಕೇಳಿ ಬಂದಳು. ಜೊತೆಗೆ ಯಾರದೋ ಮನೆಯ ಹೂವಿನ ಕಪ್ಪುಬಸಿ, ಶಿರಾ ಮಾಡಲು ಕೇಂದ್ರದಿಂದ ಒಂದು ವಾಟಿ ತುಪ್ಪ.

"ಅವ್ವಾ, ಅವ್ರು ಬರೂದು ನಮ್ಮ ಬಡತನ ನೋಡಾಕ. ಕುರ್ಚಿ, ಕಪ್ಪುಬಸಿ ನೋಡಿದ್ರ ಫಾರ್ಮ್ ಹರದ ಒಗೀತಾರ" ಎಂದು ಗೋಗರೆದೆ.

ಅವ್ವ ರವೆ ಹುರಿಯುವುದನ್ನು ನಿಲ್ಲಿಸಲೂ ಇಲ್ಲ. "ಬಡತನ ನೋಡಾಕ ಬರ್ತಾರಂದ್ರ ಕುಂತು ನೋಡ್ಲಿ. ಮನಿಗೆ ಬಂದ ಮನಷ್ಯಾನ್ನ ನೆಲದ ಮ್ಯಾಲ ಕುಂಡ್ರಸಿ, ನಾ ನಾಳೆ ಮುಖ ಹ್ಯಾಂಗ ತೋರಸ್ಲಿ?" ಎಂದಳು. ಸ್ಕಾಲರ್‌ಶಿಪ್ ಹೋದರೆ ಹೋಗಲಿ ಎನ್ನುವ ಗಟ್ಟಿತನ ಆ ದನಿಯಲ್ಲಿತ್ತು. ನಾನು ಅತ್ತೆ. ಅವ್ವ ಗೋಡಂಬಿ ಹಾಕಿದಳು.

ಕಾಕಾ ಮೊದಲು ಹೋಗುವುದು ಮಹಾದೇವಿಯ ಮನೆಗೆ, ಆಮೇಲೆ ನಮ್ಮಲ್ಲಿಗೆ. ಅವಳ ಅವ್ವನೂ ಕುರ್ಚಿ ಕೇಳಿದ್ದಳು. ಹಾಗಾಗಿ ಒಂದು ಏರ್ಪಾಡಾಯಿತು. ಅವರು ಅಲ್ಲಿಂದ ಎದ್ದು ಹೊರಬಿದ್ದ ಕೂಡಲೇ ಕುರ್ಚಿ ಹಿಂದಿನ ಬಾಗಿಲಿನಿಂದ, ಗಟಾರು ದಾಟಿ, ಹಿತ್ತಲ ಸಂದಿಯಲ್ಲಿ ಅವರಿಗಿಂತ ಮೊದಲು ನಮ್ಮ ಮನೆ ಸೇರಬೇಕು. ಎರಡು ಮನೆಗಳ ನಡುವೆ ದಾರಿಯಾದರೂ ಎಷ್ಟು, ಐವತ್ತು ಹೆಜ್ಜೆ. ನಾನು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಕಾಕಾ ಮಹಾದೇವಿಯ ಮನೆಯಿಂದ ಹೊರಬಂದರು, ಹತ್ತು ಹೆಜ್ಜೆ ಇಟ್ಟರು. ಹಿತ್ತಲಲ್ಲಿ ಕುರ್ಚಿ ಇನ್ನೂ ಗಟಾರಿನ ಆಚೆಗೇ ಇತ್ತು. ಮುಗಿಯಿತು ಕಥೆ ಎಂದುಕೊಂಡೆ. ಅಷ್ಟರಲ್ಲಿ ಅವರು ನಿಂತರು, ಖಾಕಿ ಚೀಲವನ್ನು ಕಟ್ಟೆಯ ಮೇಲಿಟ್ಟು ಬಗ್ಗಿ ಬಲಗಾಲಿನ ಬೂಟಿನ ಲೇಸು ಬಿಚ್ಚಿ ಕಟ್ಟತೊಡಗಿದರು. ಅದಾದ ಮೇಲೆ ಎಡಗಾಲಿನದು. ನಿಧಾನಕ್ಕೆ, ಶಾಲೆಗೆ ಹೊರಟ ಮಗುವಿಗೆ ಕಟ್ಟುವ ಹಾಗೆ. ದೇವರೇ ಆ ಲೇಸು ಬಿಚ್ಚಿಸಿದ ಎಂದು ನಾನು ಕೈಮುಗಿದೆ.

ಅವರು ಒಳಗೆ ಬಂದಾಗ ಕುರ್ಚಿ ನಡುಮನೆಯಲ್ಲಿತ್ತು. ಆದರೆ ಅವಸರದಲ್ಲಿ ದಿಂಬು ತಲೆಕೆಳಗಾಗಿ ಗಿಳಿ ಕಾಲು ಮೇಲೆ ಮಾಡಿತ್ತು. ಕಾಕಾ ದಿಂಬನ್ನು ಎತ್ತಿ, ಗಿಳಿಯನ್ನು ಸರಿಯಾಗಿ ನಿಲ್ಲಿಸಿ, ಕೂತರು.

ಅವ್ವ ಶಿರಾ ತಂದಳು. ಅವರು ಕೈ ಅಡ್ಡ ಹಿಡಿದರು. "ಡ್ಯೂಟಿ ಮ್ಯಾಲ ಇದ್ದೀನ್ರಿ ಅಕ್ಕಾರ. ನೀರಷ್ಟ ಕೊಡ್ರಿ" ಎಂದರು. ಅವ್ವನ ಮುಖ ಗಂಟು ಹಾಕಿಕೊಂಡಿತು. ಅವರು ನನ್ನ ಅರ್ಜಿ ತೆಗೆದು, ಕನ್ನಡಕ ಏರಿಸಿ, ಕೊನೆಯ ಪುಟಕ್ಕೆ ಬಂದು ನಿಂತರು.

"ತಂಗಿ, ಯಾವ ಕಂಬ?"

ನನಗೆ ಅರ್ಥವಾಗಲಿಲ್ಲ.

"ದೀಪದ ಕಂಬದ ಕೆಳಗ ಓದೀನಂತ ಬರದೀಯಲ್ಲ. ನಾ ಗಲ್ಲಿ ತುದಿಯಿಂದ ನಡಕೋತ ಬಂದೀನಿ. ಈ ಗಲ್ಯಾಗ ಕಂಬನ ಇಲ್ಲ. ಯಾವ ಕಂಬ, ತೋರ್ಸು ನಡಿ."

ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರ ಮುಖ ಹೇಗಿರುತ್ತದೆ ಎಂದು ನನಗೆ ಆ ದಿನ ಗೊತ್ತಾಯಿತು. ಅರ್ಜಿಯಲ್ಲಿ ಒಂದು ಸುಳ್ಳಿದ್ದರೂ ಕಾಕಾ ಅದನ್ನು ಪಾಸು ಮಾಡುವುದಿಲ್ಲ ಎಂದು ಎಲ್ಲರೂ ಹೇಳಿದ್ದರು. "ಝೆರಾಕ್ಸ್ ಅಂಗಡಿಯವ್ರು ಬರದ ಕೊಟ್ಟಾರ್ರಿ" ಎಂದೆ.

"ಗೊತ್ತದ. ಆ ಮನ್ಯಾಗೂ ಇದೇ ಕಂಬ ಇತ್ತು. ಖರೆ ಹೇಳು, ಓದಿದ್ದೆಲ್ಲಿ?"

"ಅವ್ವನ ರೊಟ್ಟಿ ಕೇಂದ್ರದಾಗ್ರಿ. ಹಿಟ್ಟಿನ ಚೀಲದ ಮ್ಯಾಲ ಕುಂತು. ಪುಸ್ತಕಕ್ಕ ಹಿಟ್ಟ ಹತ್ತತದಂತ ಪ್ಲಾಸ್ಟಿಕ್ ಹಾಳಿ ಹಾಕಿದ್ದೆ. ಅವ್ವ ರೊಟ್ಟಿ ಬಡ್ಯೂ ತಾಳಕ್ಕ ಸೂತ್ರ ಬಾಯಿಪಾಠ ಮಾಡ್ತಿದ್ದೆ."

"ಮತ್ತ ಇದನ್ಯಾಕ ಬರೀಲಿಲ್ಲ?"

"ಇದರಾಗ ದುಃಖ ಇಲ್ಲಲ್ರಿ ಕಾಕಾ."

ಅವರು ನಕ್ಕರು. ನಕ್ಕಾಗ ಅವರ ಮುಖ ಬೇರೆಯೇ ಆಗುತ್ತಿತ್ತು, ಸಮವಸ್ತ್ರ ಕಳಚಿದ ಹಾಗೆ. "ನಿನಗ ಅಳೂದಕ್ಕ ಸ್ಕಾಲರ್‌ಶಿಪ್ ಬೇಕೋ, ಓದೂದಕ್ಕೋ?" ಎಂದು ಹೇಳಿ ಚೀಲದಿಂದ ಒಂದು ಬಿಳಿ ಹಾಳೆ ತೆಗೆದು ಕೊಟ್ಟರು. ನಾನು ನೆಲದ ಮೇಲೆ ಕೂತು ಬರೆದೆ. ಅವರು ಗಿಳಿಯ ಮೇಲೆ ಕೂತು ಕಾದರು. ಬರೆದದ್ದನ್ನು ಓದಿ, ಅರ್ಜಿಗೆ ಪಿನ್ನು ಹೊಡೆದು, ಸಹಿ ಮಾಡಿ, ಪೆನ್ನಿನ ಟೊಪ್ಪಿ ಹಾಕಿ ಜೇಬಿಗೆ ಸಿಕ್ಕಿಸಿದರು. ಆಮೇಲೆ ಅವ್ವನ ಕಡೆ ತಿರುಗಿ, "ಡ್ಯೂಟಿ ಮುಗೀತ್ರಿ ಅಕ್ಕಾರ. ಈಗ ತರ್ರಿ ನಿಮ್ಮ ಶಿರಾ" ಎಂದರು. ಎರಡು ಸಲ ಹಾಕಿಸಿಕೊಂಡು ತಿಂದರು. ಅವ್ವ ಇವತ್ತಿಗೂ ಅವರ ಮಾತು ಬಂದರೆ ಸ್ಕಾಲರ್‌ಶಿಪ್ಪಿನ ಬಗ್ಗೆ ಹೇಳುವುದಿಲ್ಲ, ಎರಡನೇ ಸಲ ಹಾಕಿಸಿಕೊಂಡದ್ದನ್ನು ಹೇಳುತ್ತಾಳೆ.

ಆ ಶುಕ್ರವಾರ ಫೋನು ಬಂತು. ಮಹಾದೇವಿಗೂ ಬಂತು. ಶನಿವಾರ ಟ್ರಸ್ಟಿನವರು ಫೀ ಕಟ್ಟಿದರು. ಸೋಮವಾರ ಅವ್ವ ಒಬ್ಬಳೇ ಕೇಂದ್ರಕ್ಕೆ ಹೋದಳು.

ಅವರನ್ನು ದೇವರು ಮಾಡಿ ಕೂರಿಸುವುದು ನನಗೆ ಬೇಕಿಲ್ಲ. ಸಿಟ್ಟು ಮೂಗಿನ ತುದಿಯಲ್ಲಿತ್ತು. ದಾಖಲೆ ಮರೆತು ಬಂದ ಹುಡುಗರನ್ನು ಎಲ್ಲರೆದುರು, ಮುಂದಿನ ನಿಲ್ದಾಣದಲ್ಲಿ ಇಳಿ ಎನ್ನುವ ದನಿಯಲ್ಲಿ ಗದರುತ್ತಿದ್ದರು. ಒಮ್ಮೆ ಒಬ್ಬ ಹುಡುಗಿ ಅಣ್ಣನ ನೌಕರಿಯನ್ನು ಅರ್ಜಿಯಲ್ಲಿ ಬರೆದಿರಲಿಲ್ಲ. ಸುಳ್ಳು ಎಂದು ಅವರು ಅರ್ಜಿ ತಳ್ಳಿಹಾಕಿದರು. ಆ ಅಣ್ಣ ಮನೆ ಬಿಟ್ಟು ಬೇರೆ ಹೋಗಿ ನಾಲ್ಕು ವರ್ಷವಾಗಿತ್ತು, ಒಂದು ದಿನವೂ ತಿರುಗಿ ನೋಡಿರಲಿಲ್ಲ ಎಂಬುದು ತಿಳಿಯುವ ಹೊತ್ತಿಗೆ ಹುಡುಗಿ ಕಾಲೇಜು ಬಿಟ್ಟು ಮಾಲ್ ಒಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಕಾಕಾ ಹೋಗಿ ಕರೆದರು, ಅವಳು ಬರಲಿಲ್ಲ. ಆಮೇಲೆ ಪ್ರತಿ ವರ್ಷದ ಸಮಾರಂಭದಲ್ಲೂ ಆ ಕಡೆಯ ಹುಡುಗಿಯರು ಸಿಕ್ಕರೆ ಅವಳನ್ನು ವಿಚಾರಿಸುತ್ತಿದ್ದರು. "ತಪ್ಪ ನಂದೇ. ಕೇಳಬೇಕಾಗಿತ್ತು, ಕೇಳಲಿಲ್ಲ" ಎನ್ನುತ್ತಿದ್ದರು. ನೆಪ ಹೇಳಿದ್ದನ್ನು ನಾನು ಕೇಳಿಲ್ಲ.

ಇನ್ನೊಂದು ಮನೆಯವರು ಫ್ರಿಜ್ಜಿಗೆ ಸೀರೆ ಹೊದಿಸಿ ಮೂಲೆಯಲ್ಲಿ ನಿಲ್ಲಿಸಿದ್ದರಂತೆ. ಕಾಕಾ ಮಾತಾಡುತ್ತಿರುವಾಗ ಸೀರೆಯೊಳಗಿಂದ ಗುಂಯ್ ಎಂದು ಸದ್ದು. "ಯಾರ್ರಿ ಅದು, ನಿಮ್ಮ ಅತ್ತಿಯವ್ರೇನು?" ಎಂದು ಕೇಳಿದರಂತೆ. ಇದನ್ನು ನಮಗೆ ಹೇಳಿ ನಗಿಸಿದ ಕಾಕಾ ಅವರೇ ಕೊನೆಗೆ, "ಫ್ರಿಜ್ ಇರ್ಲಿ ಬಿಡ್ರಿ. ಆ ಮನ್ಯಾಗ ನಾಕ ಕುರ್ಚಿ ಇದ್ವು, ಕುಂಡ್ರ್ರಿ ಅಂತ ಯಾರೂ ಅನ್ಲಿಲ್ಲ" ಎಂದರು.

ಲೇಸಿನ ಗುಟ್ಟು ನನಗೆ ತಿಳಿದದ್ದು ಅಂಥದೇ ಒಂದು ಸಮಾರಂಭದಲ್ಲಿ. ಊಟದ ಸಾಲಿನಲ್ಲಿ ನಿಂತಾಗ ನಾನು ಕುರ್ಚಿಯ ಕಥೆ, ದೇವರು ಲೇಸು ಬಿಚ್ಚಿಸಿದ ಕಥೆ ಹೇಳಿದೆ. ಹಡಪಸರದ ಹುಡುಗಿಯೊಬ್ಬಳು ತಟ್ಟೆ ಹಿಡಿದು ಹಾಗೇ ನಿಂತಳು. "ನಮ್ಮ ಚಾಳಿನ್ಯಾಗೂ ಕಟ್ಟಿದ್ರು" ಎಂದಳು. ಅವಳ ಹಿಂದಿನವಳು, ನಮ್ಮಲ್ಲೂ, ಎಂದಳು. ಒಬ್ಬಳ ಮನೆಯೆದುರು ಟೀಪಾಯಿ ಬರುವ ತನಕ ಕಟ್ಟಿದ್ದರು, ಒಬ್ಬಳ ಮನೆಯೆದುರು ಕಪ್ಪುಬಸಿ ದಾಟುವ ತನಕ. ಮೂವತ್ತು ವರ್ಷ ಓಡುವ ಬಸ್ಸಿನಲ್ಲಿ ನಿಂತು ನಡೆದ ಮನುಷ್ಯನ ಲೇಸು ಎರಡೆರಡು ಮನೆಗಳ ನಡುವೆ ತಪ್ಪದೇ ಬಿಚ್ಚಿಕೊಳ್ಳುತ್ತಿತ್ತು. ನಾವು ಐದಾರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ದೂರದಲ್ಲಿ ಕಾಕಾ ಯಾರನ್ನೋ ಗದರುತ್ತಿದ್ದರು.

ಓದು ಮುಗಿದು, ನಾನು ಔಷಧಿ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿ, ನಿಂತು ಉಸಿರಾಡುವ ಹಾಗಾದ ಮೇಲೆ, ಟ್ರಸ್ಟಿನವರು ಮನೆ ನೋಡಿ ಬರುವ ಕೆಲಸಕ್ಕೆ ನಮ್ಮಂಥ ಹಳಬರನ್ನೂ ಕರೆಯತೊಡಗಿದರು. ಕಾಕಾನ ಕಾಲು ಆಗ ಸೋತಿತ್ತು. ಹೇಗೆ ಬರೆಯಬೇಕೆಂದು ನೋಡಿಕೊಳ್ಳಲಿಕ್ಕೆ ಹಳೇ ಫೈಲು ಕೊಟ್ಟರು. ನಾನು ಹುಡುಕಿದ್ದು ನನ್ನದನ್ನೇ. 'ಮನೆಯಲ್ಲಿ ಕಂಡ ಸಾಮಾನು' ಎಂಬಲ್ಲಿ ಅವರ ದುಂಡು ಅಕ್ಷರದ ಮರಾಠಿ. ಗ್ಯಾಸ್ ಒಲೆ ಒಂದು, ಟ್ರಂಕು ಎರಡು, ಕುರ್ಚಿ ಒಂದು, ನನ್ನ ಸಲುವಾಗಿ ಬಂದದ್ದು. ಅದರ ಹಿಂದಿನ ಹಾಳೆ ಮಹಾದೇವಿಯದು. ಅಲ್ಲೂ ಕುರ್ಚಿ ಒಂದು, ಅದೇ. ಒಂದು ಅಕ್ಷರವೂ ಸುಳ್ಳಿರಲಿಲ್ಲ. ಆ ಆಫೀಸಿನ ಬೆಂಚಿನ ಮೇಲೆ ಕೂತು ನಾನು ನಕ್ಕೆ, ಆಮೇಲೆ ಕರ್ಚೀಫು ತೆಗೆಯಬೇಕಾಯಿತು.

ಅವರ ಮನೆಗೆ ನಾನು ಹೋದದ್ದು ಒಂದೇ ಸಲ, ಹೋದ ಚಳಿಗಾಲದಲ್ಲಿ. ಅಷ್ಟು ಮನೆ ನೋಡಿದ ಮನುಷ್ಯನ ಮನೆಯನ್ನು ನಾವ್ಯಾರೂ ನೋಡಿರಲಿಲ್ಲ. ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಫೋನು ಮಾಡಿದೆ. ಈಗಲೇ ಬರುತ್ತೇನೆ ಎಂದರೆ ಒಪ್ಪಲಿಲ್ಲ. "ರವಿವಾರ ನಾಕಕ್ಕ ಬಾ" ಎಂದು ಹೊತ್ತು ಕೊಟ್ಟರು.

ಪೇಠೆಯೊಳಗಿನ ಹಳೇ ವಾಡೆ. ಮುಂದೊಂದು ಕಟ್ಟಿಗೆಯ ಮೆಟ್ಟಿಲು, ಹಿಂದೊಂದು. ಮೇಲೆ ಒಂದು ಖೋಲಿ, ಮುಂದೆ ಉದ್ದ ಗ್ಯಾಲರಿ. ಕಾಕಾ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಒಗೆದ ಅಂಗಿ, ಬಾಚಿದ ತಲೆ. ನನ್ನ ಸಲುವಾಗಿ ಎರಡು ಕುರ್ಚಿ ಹಾಕಿದ್ದರು, ಒಂದು ನನಗೆ, ಒಂದು ನನ್ನ ಚೀಲಕ್ಕೆ. ಎರಡರ ಬೆನ್ನಿಗೂ ಬಿಳಿ ಬಣ್ಣದಲ್ಲಿ ಕೆಳಗಿನ ಗಣಪತಿ ಮಂಡಳದ ಹೆಸರು. ಮೇಜಿನ ಮೇಲೆ ಒಂದು ಫ್ಯಾನು ತಿರುಗುತ್ತಿತ್ತು. ಚಳಿಗಾಲದಲ್ಲಿ ಫ್ಯಾನು ಯಾಕೆ ಎಂದು ನೋಡಿದರೆ ಅದರ ವಾಯರು ಬಾಗಿಲು ದಾಟಿ ಪಕ್ಕದವರ ಖೋಲಿಗೆ ಹೋಗಿತ್ತು. ಅವರ ಹೆಂಡತಿ ಕಾಕು ಗಾಜಿನ ಬಟ್ಟಲಲ್ಲಿ ಶಿರಾ ತಂದರು. ಬಟ್ಟಲು ಯಾರ ಮನೆಯದೋ.

ಏನಾದರೂ ಬೇಕೇ ಕಾಕಾ ಎಂದು ಕೇಳುವುದಕ್ಕೆಂದೇ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಆ ಕುರ್ಚಿಯ ಮೇಲೆ ಕೂತ ಮೇಲೆ ಅದನ್ನು ಕೇಳುವುದು ಆಗಲಿಲ್ಲ. ಶಿರಾ ತಿಂದೆ, ಎರಡನೇ ಸಲ ಹಾಕಿಸಿಕೊಂಡೆ.

"ಮನಿ ನೋಡಾಕ ಹೊಂಟೀಯಂತ" ಎಂದರು.

"ಹೌದ್ರಿ ಕಾಕಾ. ಹ್ಯಾಂಗ ಮಾಡ್ಲಿ, ಏನರೆ ಹೇಳ್ರಿ."

ಅವರು ನನ್ನ ಕಾಲಿನ ಕಡೆ ನೋಡಿದರು. ಚಪ್ಪಲಿಯನ್ನು ನಾನು ಹೊರಗೆ ಬಿಟ್ಟು ಬಂದಿದ್ದೆ. "ಚಪ್ಲಿ ಬಕ್ಕಲಿಂದೋ, ಸುಮ್ಮ ಮೆಟ್ಟೂದೋ?" ಎಂದು ಕೇಳಿದರು.

"ಬಕ್ಕಲಿಂದ್ರಿ."

"ಛಲೋ ಆತು" ಎಂದು ಕಣ್ಣು ಮುಚ್ಚಿದರು. ಅದಕ್ಕಿಂತ ಹೆಚ್ಚಿನದೇನನ್ನೂ ಅವರು ಹೇಳಿಕೊಡಲಿಲ್ಲ.

ಹೊರಡುವಾಗ ಕಾಲಿಗೆ ಬಿದ್ದೆ. ಗ್ಯಾಲರಿಯಲ್ಲಿ ಚಪ್ಪಲಿ ಹಾಕಿ, ಬಕ್ಕಲು ಬಿಗಿದು, ಮುಂದಿನ ಮೆಟ್ಟಿಲು ಇಳಿಯತೊಡಗಿದೆ. ಅರ್ಧ ಇಳಿದಿರಬೇಕು, ಹಿಂದಿನ ಮೆಟ್ಟಿಲ ಕಡೆಯಿಂದ ಸದ್ದು ಕೇಳಿಸಿತು. ಕುರ್ಚಿಯ ಕಾಲು ಕಟ್ಟಿಗೆಗೆ ತಾಗುವ ಸದ್ದು, ಜೊತೆಗೆ ಕಾಕುವಿನ ಏದುಸಿರು. ಒಂದು ಮೆಟ್ಟಿಲು, ಮತ್ತೊಂದು ಮೆಟ್ಟಿಲು. ಎರಡೂ ಮೆಟ್ಟಿಲು ಇಳಿಯುವುದು ಒಂದೇ ಅಂಗಳಕ್ಕೆ, ಮಂಡಳದ ಕೋಣೆಯ ಬಾಗಿಲಿಗೆ. ನಾನು ಹಾಗೇ ಇಳಿದುಬಿಟ್ಟರೆ ಕುರ್ಚಿ ಹೊತ್ತ ಕಾಕು ನನಗೆ ಎದುರಾಗುತ್ತಾರೆ.

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಬಲಗಾಲಿನ ಬಕ್ಕಲು ಬಿಚ್ಚಿದೆ, ಮತ್ತೆ ಹಾಕಿದೆ. ಎರಡನೇ ಕುರ್ಚಿ ಇನ್ನೂ ಇಳಿಯಬೇಕಿತ್ತು. ಎಡಗಾಲಿನದನ್ನೂ ಬಿಚ್ಚಿದೆ.